ಚಿಟಿಕೆ ಹುಲ್ಲು

ಬೆಳಗಿನ ಐದೂ ಮುಕ್ಕಾಲಿಗೆ ವತ್ಸಲಾ ಮೇಡಂ ಫೋನು
ಇವತ್ತಿನ ಗಾಳಿಗೆ ಎಷ್ಟು ಅಂಕ ಅಂತ ಹೇಳುತ್ತದೆ.
ತೊಂಬತ್ತಾರು ಅಂದರೆ ಹದಿನೆಂಟೂ ಕುಳಿ.
ನೂರಾ ಮೂವತ್ತು ಅಂದರೆ ಒಂಬತ್ತೇ, ಅದೂ ಬೇಗ ಬೇಗ.
ಇನ್ನೂರರ ಹತ್ತಿರ ಬಂದರೆ
ಕಾರು ಗೇಟಿನೊಳಗೆ ಬರುವುದೇ ಇಲ್ಲ.
ಶಾಲೆಯಲ್ಲಿ ಕಡಿಮೆ ಅಂಕ ತಂದು ಏಟು ತಿಂದವನು ನಾನು;
ಈ ಆಟದಲ್ಲಿ ಕಡಿಮೆಯವನೇ ಗೆಲ್ಲುವುದು,
ಗಾಳಿಯದೂ ಈಗ ಅದೇ ಕಟ್ಟಳೆ.
ಕಡಿಮೆ ಬರಲಪ್ಪಾ ಅಂತ
ಗೇಟಿನ ಪಕ್ಕದ ಮುನೇಶ್ವರನಿಗೆ ಕರ್ಪೂರ ಹಚ್ಚುತ್ತೇನೆ.
ಹಚ್ಚಿದ ಮೇಲೆ ನೆನಪಾಗುತ್ತದೆ: ಅದೂ ಹೊಗೆಯೇ.

ಮೊದಲು ಗಾಳಿ ಅಂದರೆ ದಿಕ್ಕು, ಅಷ್ಟೇ.
ಚಿಟಿಕೆ ಹುಲ್ಲು ಕಿತ್ತು ಭುಜದೆತ್ತರಕ್ಕೆ ಎಸೆದು
ಅದು ವಾಲಿದ ಕಡೆ ನೋಡಿ ಹೇಳುತ್ತಿದ್ದೆ:
"ಎದುರುಗಾಳಿ, ಏಳನೇ ಕೋಲು ಬೇಡ, ಆರು ತಗೊಳ್ಳಿ."
ಇಪ್ಪತ್ತೆಂಟು ವರ್ಷ ಹುಲ್ಲು ನನಗೆ ಸುಳ್ಳು ಹೇಳಿಲ್ಲ.
ಆದರೆ ಅದಕ್ಕೆ ಗೊತ್ತಿರುವುದು
ಗಾಳಿ ಎಲ್ಲಿಗೆ ಹೊರಟಿದೆ ಅನ್ನುವುದು,
ಕಂಕುಳಲ್ಲಿ ಏನು ಇಟ್ಟುಕೊಂಡಿದೆ ಅನ್ನುವುದಲ್ಲ.

ಅದು ಮೂಗಿನ ಕೆಲಸ.
ನಾಲ್ಕನೇ ಕುಳಿಯ ಹಿಂದೆ ಗೋಡೆ, ಗೋಡೆಯ ಹಿಂದೆ ಸಿಗ್ನಲ್ಲು,
ಅಲ್ಲಿ ಬಸ್ಸುಗಳು ನಿಂತಲ್ಲೇ ಗೊರಕೆ ಹೊಡೆಯುತ್ತವೆ.
ಏಳರಲ್ಲಿ ಯಾರೋ ತರಗೆಲೆ ಗುಡ್ಡೆಗೆ ಬೆಂಕಿ ಇಟ್ಟಿರುತ್ತಾರೆ,
ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ, ಒಂದು ಹವಾಯಿ ಚಪ್ಪಲಿ.
ಹನ್ನೊಂದರ ಪಕ್ಕ ಮೆಟ್ರೋ ಕಂಬ ಏಳುತ್ತಿದೆ;
ಹೊಂಗೆ ಎಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.
ಬರೆದಿದ್ದೇನೆ, ಪಾಪಣ್ಣ ಅಂತ.
ಫೋನು ಮಾತ್ರ ಹದಿನೆಂಟಕ್ಕೂ ಸೇರಿಸಿ ಒಂದೇ ಅಂಕ ಕೊಡುತ್ತದೆ,
ಹೆಡ್ಮಾಸ್ಟರು ಇಡೀ ಕ್ಲಾಸನ್ನು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ.

ಮೇಡಂ ಕೆಟ್ಟವರಲ್ಲ. ಬ್ಯಾಂಕಿನ ಲೆಕ್ಕ ತಪಾಸಣೆ ಮಾಡಿ
ರಿಟೈರಾದವರು, ಅಂಕಿಗೆ ತಲೆಬಾಗಿ ಅಭ್ಯಾಸ.
ಕಳೆದ ಡಿಸೆಂಬರಿನಲ್ಲಿ ನನಗೊಂದು ಮಾಸ್ಕ್ ತಂದುಕೊಟ್ಟರು,
ಬಿಳಿಯದು, ಬಾತುಕೋಳಿಯ ಮೂತಿಯಂಥದ್ದು.
ಹಾಕಿಕೊಂಡೆ. ಹೊಗೆ ಹೋಯಿತು, ಸರಿ.
ಕತ್ತರಿಸಿದ ಹುಲ್ಲಿನ ವಾಸನೆಯೂ ಹೋಯಿತು.
ಚೆಂಡು ಪೊದೆಗೆ ಬಿದ್ದಾಗ ಲಂಟಾನ ಜಜ್ಜಿದ ಘಾಟು ಏಳುತ್ತದೆ,
ಆ ಜಾಡು ಹಿಡಿದೇ ನಾನು ಹುಡುಕುವುದು.
ಆವತ್ತು ಎರಡು ಚೆಂಡು ಕಳೆದವು. ಮೇಡಂ ಏನೂ ಅನ್ನಲಿಲ್ಲ.

ಸಂಜೆ ಅದನ್ನು ಮುನಿರತ್ನಮ್ಮನಿಗೆ ಕೊಟ್ಟೆ.
ದಿನಾ ಬೆಳಿಗ್ಗೆ ಇದೇ ಗೋಡೆಯ ಆಚೆ
ರಸ್ತೆ ಗುಡಿಸುತ್ತಾಳೆ ನನ್ನ ಹೆಂಡತಿ, ಉದ್ದ ಪೊರಕೆ, ಹಸಿರು ಕೋಟು.
ಅವಳ ಮುಂದೆ ಏಳುವ ಧೂಳಿಗೆ ಅಂಕ ಹಾಕುವ ಯಂತ್ರ
ಯಾವ ಕಂಬದಲ್ಲೂ ಇಲ್ಲ.
"ಇದನ್ನ ಹಾಕ್ಕೊಂಡ್ರೆ ಎಲೆಅಡಿಕೆ ಎಲ್ಲಿಗೆ ಉಗೀಲಿ?" ಅಂದಳು,
ನಕ್ಕಳು, ಕೆಮ್ಮಿದಳು, ಮೊಳೆಗೆ ನೇತುಹಾಕಿದಳು.
ಇನ್ನೂ ಅಲ್ಲೇ ಇದೆ, ಕ್ಯಾಲೆಂಡರಿನ ಪಕ್ಕ.

ಇವತ್ತು ಫೋನಿನಲ್ಲಿ ಅಂಕವೇ ಇಲ್ಲ, ಒಂದು ಅಡ್ಡಗೆರೆ.
ಎಲ್ಲೋ ಯಂತ್ರ ಕೆಟ್ಟಿದೆಯಂತೆ.
ಮೇಡಂ ನನ್ನ ಕಡೆ ತಿರುಗಿದರು: "ಪಾಪಣ್ಣ, ನೀನೇ ಹೇಳು."
ಬಗ್ಗಿ ಹುಲ್ಲು ಕಿತ್ತೆ. ಎಸೆದೆ.
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ,
ನೆಟ್ಟಗೆ ನನ್ನ ಬೂಟಿನ ಮೇಲೆ ಬಿತ್ತು.
ಗಾಳಿಯಾಡದ ದಿನ ಚೆಂಡು ಹೇಳಿದ ಮಾತು ಕೇಳುತ್ತದೆ.
ಗಾಳಿಯಾಡದ ದಿನ ನಿನ್ನೆಯ ಹೊಗೆ ಎದ್ದು ಹೋಗುವುದಿಲ್ಲ,
ಸಾಲ ಕೊಟ್ಟವನ ಹಾಗೆ ಜಗಲಿಯಲ್ಲೇ ಕೂತಿರುತ್ತದೆ.
ಎರಡೂ ನನಗೆ ಗೊತ್ತಿತ್ತು.
ಹದಿನೆಂಟಕ್ಕೆ ಏಳುನೂರು ರೂಪಾಯಿ. ಮನೆಯಲ್ಲಿ ಸಿಲಿಂಡರು ಖಾಲಿ.
"ಆಟಕ್ಕೆ ಚೆನ್ನಾಗಿದೆ ಮೇಡಂ," ಅಂದೆ.

ಅದು ಸುಳ್ಳಲ್ಲ.
ಮೊದಲ ಹೊಡೆತವೇ ನೇರ ಹೋಯಿತು,
ಎಲ್ಲಿ ಬಿತ್ತು ಅಂತ ಇಬ್ಬರಿಗೂ ಕಾಣಲಿಲ್ಲ.
ಚೀಲ ಹೆಗಲಿಗೇರಿಸಿ ಆ ಬಿಳುಪಿನೊಳಗೆ ನಡೆದೆ.
ಗೋಡೆಯಾಚೆ ಪೊರಕೆ: ಪರಕ್, ಪರಕ್.
ನಿಂತಿತು. ಕೆಮ್ಮು.
ಮತ್ತೆ ಪರಕ್.